ಹಳದಿ ಗ್ಲಾಸ್ ಹಾಕಿದರೆ ಮಂಜಿನಲ್ಲಿ ದಾರಿ ಕಾಣುತ್ತದೆಯೇ? ಹೆಲ್ಮೆಟ್ ವೈಸರ್ ಬಗ್ಗೆ ಓಡಾಡುವ ಸಂದೇಶಗಳ ನಿಜಾಂಶ

ಚಳಿಗಾಲ ಬಂತೆಂದರೆ ಬೈಕ್ ಸವಾರರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಮೂರು ಬಗೆಯ ಸಲಹೆಗಳು ಓಡಾಡಲು ಶುರುವಾಗುತ್ತವೆ. ಹೆಲ್ಮೆಟ್ ಗ್ಲಾಸಿಗೆ, ಅಂದರೆ ವೈಸರಿಗೆ, ಟೂತ್‌ಪೇಸ್ಟ್ ಉಜ್ಜಿದರೆ ಮಸುಕು ಕಟ್ಟುವುದಿಲ್ಲ ಎನ್ನುವುದು ಒಂದು. ಹಳದಿ ವೈಸರ್ ಮಂಜನ್ನು ಸೀಳಿ ದಾರಿ ತೋರಿಸುತ್ತದೆ ಎನ್ನುವುದು ಇನ್ನೊಂದು. ಕಾರಿನ ಗಾಜಿನ ಮೇಲೆ ನೀರು ನಿಲ್ಲದಂತೆ ಹಚ್ಚುವ ದ್ರವವನ್ನೇ ವೈಸರಿನ ಒಳಗೂ ಹೊರಗೂ ಹಚ್ಚಿ ಎನ್ನುವುದು ಮೂರನೆಯದು.

ಮೂರನ್ನೂ ನಂಬಬೇಡಿ. ಯಾಕೆ ಎಂದು ತಿಳಿದರೆ ಯಾವ ವೈಸರ್ ಕೊಳ್ಳಬೇಕು ಎಂಬುದೂ ತಾನಾಗಿ ತಿಳಿಯುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋಗುವ ಬೈಕ್ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಎದುರಿನದು ಎರಡು ಸೆಕೆಂಡು ಕಾಣಿಸದಿದ್ದರೆ 33 ಮೀಟರ್ ಕಣ್ಣು ಮುಚ್ಚಿಕೊಂಡು ಓಡಿಸಿದ ಹಾಗೆ. ಚಾರ್ಮಾಡಿಯ ತಿರುವಿನಲ್ಲಿ ಅಷ್ಟು ದೂರದೊಳಗೆ ರಸ್ತೆಯೇ ದಿಕ್ಕು ಬದಲಿಸಿರುತ್ತದೆ.

ಗ್ಲಾಸಿನ ಒಳಗೆ ಮಸುಕು ಕಟ್ಟುವುದು ಯಾಕೆ?

ವೈಸರ್ ಮಸುಕಾಗುವುದಕ್ಕೂ ರಸ್ತೆಯಲ್ಲಿ ಮಂಜು ಕವಿಯುವುದಕ್ಕೂ ಸಂಬಂಧ ಇರಲೇಬೇಕೆಂದೇನೂ ಇಲ್ಲ. ಮಂಜೇ ಇಲ್ಲದ ಮಳೆಗಾಲದ ಸಂಜೆ ಸಿಗ್ನಲ್‌ನಲ್ಲಿ ನಿಂತಾಗಲೂ ಗ್ಲಾಸ್ ಬೆಳ್ಳಗಾಗುತ್ತದೆ. ಅದು ನಮ್ಮ ಉಸಿರಿನದೇ ಕೆಲಸ. ಹೊರಗೆ ಬಿಡುವ ಉಸಿರು ಹತ್ತಿರ ಹತ್ತಿರ 34 ಡಿಗ್ರಿ ಸೆಲ್ಸಿಯಸ್ ಬಿಸಿ ಇರುತ್ತದೆ ಮತ್ತು ನೀರಾವಿಯಿಂದ ತುಂಬಿರುತ್ತದೆ. ಆ ಉಷ್ಣತೆಯಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 37 ಗ್ರಾಂ ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. ಅದೇ ಗಾಳಿ 15 ಡಿಗ್ರಿಗೆ ತಣ್ಣಗಾದರೆ ಹಿಡಿಯುವುದು 13 ಗ್ರಾಂಗೂ ಸ್ವಲ್ಪ ಕಡಿಮೆ. ಉಳಿದದ್ದು ಎಲ್ಲಿಗೆ ಹೋಗಬೇಕು? ತಣ್ಣಗಿರುವ ಗ್ಲಾಸಿನ ಒಳಮೈಗೆ ಸಣ್ಣ ಸಣ್ಣ ಹನಿಗಳಾಗಿ ಅಂಟಿಕೊಳ್ಳುತ್ತದೆ. ಫ್ರಿಜ್‌ನಿಂದ ತೆಗೆದ ನೀರಿನ ಬಾಟಲಿ ಬೆವರುವುದು ಇದೇ ಕಾರಣಕ್ಕೆ.

ನೀರು ಪಾರದರ್ಶಕವಲ್ಲವೇ, ಮತ್ತೆ ಮಸುಕು ಯಾಕೆ ಎಂದು ಕೇಳಬಹುದು. ನೀರು ಹಾಳೆಯಂತೆ ಸಮನಾಗಿ ಹರಡಿಕೊಂಡರೆ ತೊಂದರೆಯೇ ಇಲ್ಲ. ಆದರೆ ಪ್ಲಾಸ್ಟಿಕ್ ಮೇಲೆ ಅದು ಲಕ್ಷಾಂತರ ಗುಂಡು ಹನಿಗಳಾಗಿ ಕೂರುತ್ತದೆ. ಒಂದೊಂದು ಹನಿಯೂ ಪುಟ್ಟ ಮಸೂರದಂತೆ ಬೆಳಕನ್ನು ಮನಸ್ಸಿಗೆ ಬಂದ ದಿಕ್ಕಿಗೆ ಚದುರಿಸುತ್ತದೆ. ಎದುರಿನ ಲಾರಿಯ ಹೆಡ್‌ಲೈಟ್ ಆಗ ಒಂದು ಬಿಂದುವಾಗಿ ಕಾಣದೆ ಇಡೀ ಗ್ಲಾಸೇ ಹೊಳೆಯುವ ಪರದೆಯಾಗುತ್ತದೆ.

ಹಾಗಾಗಿ ಒಳಗಿನ ಮಸುಕಿಗೆ ಮದ್ದು ಎರಡೇ. ಗ್ಲಾಸಿನ ಒಳಮೈ ತಣ್ಣಗಾಗದಂತೆ ನೋಡಿಕೊಳ್ಳಬೇಕು, ಇಲ್ಲವೇ ಕೂತ ನೀರು ಹನಿಗಟ್ಟದೆ ಹರಡಿಕೊಳ್ಳುವಂತೆ ಮಾಡಬೇಕು.

ಟೂತ್‌ಪೇಸ್ಟ್, ಶಾಂಪೂ, ಆಲೂಗಡ್ಡೆ

ಶಾಂಪೂ ಅಥವಾ ಪಾತ್ರೆ ತೊಳೆಯುವ ಲಿಕ್ವಿಡ್ ಸ್ವಲ್ಪ ಹೊತ್ತು ಕೆಲಸ ಮಾಡುವುದು ನಿಜ. ಸೋಪಿನ ಅಂಶ ನೀರಿನ ಮೇಲ್ಮೈ ಎಳೆತವನ್ನು ಕಡಿಮೆ ಮಾಡುವುದರಿಂದ ನೀರು ಗುಂಡಾಗದೆ ಹರಡಿಕೊಳ್ಳುತ್ತದೆ. ಒಂದು ಹನಿ ತೆಳುವಾಗಿ ಹಚ್ಚಿ, ಒಣಗಿದ ಮೇಲೆ ಮೆತ್ತನೆಯ ಬಟ್ಟೆಯಿಂದ ಹಗುರಾಗಿ ಒರೆಸಿದರೆ ಒಂದು ಪ್ರಯಾಣಕ್ಕೆ ಸಾಕಾಗಬಹುದು. ದಪ್ಪಗೆ ಹಚ್ಚಿದರೆ ರಾತ್ರಿ ಹೊತ್ತು ಅದೇ ಪದರ ಬೆಳಕನ್ನು ಎಳೆಎಳೆಯಾಗಿ ಹರಡುತ್ತದೆ. ಹಸಿ ಆಲೂಗಡ್ಡೆಯ ಪಿಷ್ಟವೂ ಹೀಗೆಯೇ ತೆಳು ಪದರವಾಗಿ ಕೂರುತ್ತದೆ, ಆದರೆ ಒಣಗಿದ ಮೇಲೆ ಬಿಳಿ ಕಲೆ ಉಳಿಯುತ್ತದೆ. ಅಡುಗೆಮನೆಯಲ್ಲಿ ಅದಕ್ಕೆ ಇದಕ್ಕಿಂತ ಒಳ್ಳೆಯ ಉಪಯೋಗವಿದೆ.

ಟೂತ್‌ಪೇಸ್ಟ್ ವಿಷಯ ಬೇರೆ. ಅದರಲ್ಲಿ ಹಲ್ಲಿನ ಕೊಳೆ ಉಜ್ಜಿ ತೆಗೆಯಲೆಂದೇ ಹಾಕಿರುವ ಗಟ್ಟಿ ಕಣಗಳಿರುತ್ತವೆ. ಸಮುದ್ರಕ್ಕಿಳಿಯುವ ಡೈವರ್‌ಗಳು ತಮ್ಮ ಮಾಸ್ಕಿಗೆ ಪೇಸ್ಟ್ ಉಜ್ಜುತ್ತಾರಲ್ಲ ಎಂದು ಸಂದೇಶದಲ್ಲಿ ಉದಾಹರಣೆ ಕೊಟ್ಟಿರುತ್ತಾರೆ. ಅವರದು ನಿಜವಾದ ಗಾಜು, ನಮ್ಮದು ಪಾಲಿಕಾರ್ಬನೇಟ್ ಎಂಬ ಪ್ಲಾಸ್ಟಿಕ್. ಪಾಲಿಕಾರ್ಬನೇಟ್ ಪೆಟ್ಟಿಗೆ ಸುಲಭವಾಗಿ ಒಡೆಯುವುದಿಲ್ಲ, ಅದಕ್ಕೇ ಅದನ್ನು ವೈಸರಿಗೆ ಬಳಸುವುದು. ಆದರೆ ಗೀರು ಮಾತ್ರ ಬೇಗ ಬೀಳುತ್ತದೆ. ಹಾಗೆ ಆಗದಿರಲೆಂದು ಮೇಲೊಂದು ಗಟ್ಟಿ ಲೇಪನ ಕೊಟ್ಟಿರುತ್ತಾರೆ. ಪೇಸ್ಟ್ ಉಜ್ಜಿದಾಗ ಮೊದಲು ಹೋಗುವುದು ಆ ಲೇಪನ. ಪೆಟ್ರೋಲ್, ಥಿನ್ನರ್, ಅಮೋನಿಯಾ ಇರುವ ಗ್ಲಾಸ್ ಕ್ಲೀನರ್‌ಗಳನ್ನೂ ದೂರವಿಡಿ. ಅವುಗಳಿಂದ ಪ್ಲಾಸ್ಟಿಕ್‌ನಲ್ಲಿ ಕೂದಲೆಳೆಯಂಥ ಬಿರುಕುಗಳು ಏಳುತ್ತವೆ. ಸ್ವಚ್ಛ ಮಾಡಲು ಉಗುರುಬೆಚ್ಚಗಿನ ನೀರು, ಒಂದು ಹನಿ ಸೋಪು, ಹತ್ತಿ ಬಟ್ಟೆ ಸಾಕು. ಒಣಗಿದ ಧೂಳನ್ನು ಹಾಗೇ ಒರೆಸುವ ಬದಲು ಮೊದಲು ನೆನೆಸಿ.

ಕಾರಿನ ಗಾಜಿನ ದ್ರವ ಒಳಗೆ ಯಾಕೆ ಬೇಡ?

ಈ ಸಲಹೆ ಸರಿಯಾಗಿ ಉಲ್ಟಾ. ಮಳೆನೀರು ಜಾರಿಹೋಗಲೆಂದು ಹಚ್ಚುವ ದ್ರವ ನೀರನ್ನು ದೂರ ತಳ್ಳುತ್ತದೆ, ಹನಿಗಳನ್ನು ಇನ್ನಷ್ಟು ಗುಂಡಾಗಿಸುತ್ತದೆ. ಹೊರಮೈಯಲ್ಲಿ ಇದು ಒಳ್ಳೆಯದೇ, ಏಕೆಂದರೆ ಗುಂಡು ಹನಿಯನ್ನು ಗಾಳಿ ಹಾರಿಸಿಕೊಂಡು ಹೋಗುತ್ತದೆ. ಒಳಗೆ ಗಾಳಿಯ ಹೊಡೆತವಿಲ್ಲ. ಅಲ್ಲಿ ಹನಿ ಗುಂಡಾದಷ್ಟೂ ಮಸುಕು ಹೆಚ್ಚು. ಒಳಗೆ ನೀರನ್ನು ಹರಡುವ ಲೇಪನ ಬೇಕು, ಹೊರಗೆ ನೀರನ್ನು ಓಡಿಸುವ ಲೇಪನ ಬೇಕು. ಒಂದೇ ಬಾಟಲಿ ಎರಡೂ ಕಡೆಗೆ ಆಗಿಬರುವುದಿಲ್ಲ. ಹೊರಗೆ ಹಚ್ಚುವಾಗಲೂ ಬಾಟಲಿಯ ಮೇಲೆ ಪಾಲಿಕಾರ್ಬನೇಟ್‌ಗೆ ಬಳಸಬಹುದು ಎಂದು ಬರೆದಿದೆಯೇ ನೋಡಿಕೊಳ್ಳಿ. ಕಾರಿನ ಗಾಜಿಗೆಂದು ಮಾಡಿದ ಎಲ್ಲ ದ್ರವವೂ ಪ್ಲಾಸ್ಟಿಕ್‌ಗೆ ಒಗ್ಗುವುದಿಲ್ಲ.

ಪಿನ್‌ಲಾಕ್ ಎಂದರೇನು?

ಮಸುಕಿಗೆ ಈಗ ಸಿಗುವುದರಲ್ಲಿ ಹೆಚ್ಚು ನಂಬಬಹುದಾದದ್ದು ಇದೇ. ವೈಸರಿನ ಒಳಮೈಗೆ ಇನ್ನೊಂದು ತೆಳುವಾದ ಪಾರದರ್ಶಕ ಹಾಳೆಯನ್ನು ಎರಡು ಪಿನ್‌ಗಳ ನಡುವೆ ಸಿಕ್ಕಿಸುತ್ತಾರೆ. ಹಾಳೆಯ ಅಂಚಿಗೆ ಸುತ್ತಲೂ ಸಿಲಿಕೋನ್ ಪಟ್ಟಿ ಇರುತ್ತದೆ. ಹಾಳೆಗೂ ವೈಸರಿಗೂ ನಡುವೆ ಗಾಳಿಯ ಪದರ ಸಿಕ್ಕಿಕೊಳ್ಳುವುದರಿಂದ ಹೊರಗಿನ ಚಳಿ ಒಳಹಾಳೆಯವರೆಗೆ ಬೇಗ ತಲುಪುವುದಿಲ್ಲ. ಚಳಿದೇಶದ ಮನೆಗಳ ಎರಡು ಪದರದ ಕಿಟಕಿ ಗಾಜಿನದೂ ಇದೇ ಉಪಾಯ. ಜೊತೆಗೆ ಒಳಹಾಳೆ ತೇವವನ್ನು ಹೀರಿಕೊಳ್ಳುವ ಗುಣದ್ದು. ಮೇಲೆ ಹೇಳಿದ ಎರಡೂ ಮದ್ದು ಒಟ್ಟಿಗೆ ಸಿಕ್ಕಂತಾಯಿತು.

ಆದರೆ ಎಲ್ಲ ವೈಸರಿಗೂ ಇದನ್ನು ಹಾಕಲು ಬರುವುದಿಲ್ಲ. ಗ್ಲಾಸಿನ ಒಳಗೆ ಎಡಕ್ಕೊಂದು ಬಲಕ್ಕೊಂದು ಪಿನ್ ಇರಬೇಕು. ಹೆಲ್ಮೆಟ್ ಕೊಳ್ಳುವಾಗಲೇ ಅದನ್ನು ನೋಡಿ. ಹಾಕಿದ ಮೇಲೆ ಸಿಲಿಕೋನ್ ಪಟ್ಟಿ ಸುತ್ತಲೂ ಗ್ಲಾಸಿಗೆ ತಾಗಿರಬೇಕು. ಎಲ್ಲಾದರೂ ಸಂದು ಉಳಿದರೆ ಎರಡು ಪದರದ ನಡುವೆಯೇ ಆವಿ ನುಗ್ಗಿ, ಒರೆಸಲೂ ಆಗದ ಜಾಗದಲ್ಲಿ ಮಸುಕು ಕಟ್ಟುತ್ತದೆ. ಆಗ ಪಿನ್ ತಿರುಗಿಸಿ ಬಿಗಿ ಹೊಂದಿಸಬೇಕು. ಹಾಳೆಯ ಮೇಲ್ಮೈ ಮೆತ್ತಗಿರುವುದರಿಂದ ಒಣಬಟ್ಟೆಯಲ್ಲಿ ಉಜ್ಜಬಾರದು. ರಾತ್ರಿ ಎದುರಿನ ದೀಪಗಳು ಅಲ್ಲಲ್ಲಿ ಜೋಡಿಯಾಗಿ ಮಂದವಾಗಿ ಕಾಣುವುದುಂಟು. ಅದು ಅಭ್ಯಾಸವಾಗುತ್ತದೆ, ಮಸುಕಿನ ಗ್ಲಾಸ್ ಎಂದೂ ಅಭ್ಯಾಸವಾಗುವುದಿಲ್ಲ.

ಪಿನ್‌ಲಾಕ್ ಇಲ್ಲದವರು ಮೂಗಿನ ಮೇಲೆ ಕೂರುವ ರಬ್ಬರ್ ತುಂಡು ಇರುವ ಹೆಲ್ಮೆಟ್ ನೋಡಬಹುದು, ಅದು ಉಸಿರನ್ನು ಕೆಳಕ್ಕೆ ತಿರುಗಿಸುತ್ತದೆ. ಗಲ್ಲದ ಬಳಿಯ ಗಾಳಿಕಿಂಡಿ ತೆರೆದಿಡಿ, ಗ್ಲಾಸನ್ನು ಒಂದು ಹಲ್ಲಿನಷ್ಟು ಮೇಲಕ್ಕೆತ್ತಿ. ಒಂದು ಮಿತಿ ಮಾತ್ರ ನೆನಪಿರಲಿ. ಆಗುಂಬೆಯಂಥ ಕಡೆ ಮಂಜಿನೊಳಗೇ ಹೋಗುವಾಗ ಹೊರಗಿನ ಗಾಳಿಯೂ ತೇವದಿಂದ ತುಂಬಿರುವುದರಿಂದ ಕಿಂಡಿ ತೆರೆದರೂ ಗ್ಲಾಸ್ ಬೇಗ ಒಣಗುವುದಿಲ್ಲ. ಬಯಲಿನಲ್ಲಿ ಸಾಕಾಗುವ ಉಪಾಯ ಘಾಟಿಯಲ್ಲಿ ಸೋಲುವುದು ಹೀಗೆ.

ಹಾಗಾದರೆ ಹಳದಿ ವೈಸರ್?

ಹಳದಿ ಬೆಳಕು ಮಂಜನ್ನು ಸೀಳುತ್ತದೆ ಎಂಬ ನಂಬಿಕೆ ಹಳೆಯದು. ಫ್ರಾನ್ಸ್‌ನಲ್ಲಿ 1930ರ ದಶಕದ ಕೊನೆಯಿಂದ 1993ರವರೆಗೆ ವಾಹನಗಳಿಗೆ ಹಳದಿ ಹೆಡ್‌ಲೈಟ್ ಕಡ್ಡಾಯವಾಗಿತ್ತು. ನಂಬಿಕೆಯ ಹಿಂದಿರುವುದು ಆಕಾಶ ನೀಲಿಯಾಗಿ ಕಾಣುವ ವಿಜ್ಞಾನ. ಗಾಳಿಯ ಅಣುಗಳು ನೀಲಿ ಬೆಳಕನ್ನು ಹೆಚ್ಚು ಚದುರಿಸುತ್ತವೆ, ಹಳದಿ ಕೆಂಪು ಬೆಳಕನ್ನು ಕಡಿಮೆ ಚದುರಿಸುತ್ತವೆ. ಆದರೆ ಈ ನಿಯಮ ಬೆಳಕಿನ ಅಲೆಯುದ್ದಕ್ಕಿಂತ ತೀರಾ ಚಿಕ್ಕದಾದ ಕಣಗಳಿಗೆ ಮಾತ್ರ. ಕಣ್ಣಿಗೆ ಕಾಣುವ ಬೆಳಕಿನ ಅಲೆಯುದ್ದ 0.4ರಿಂದ 0.7 ಮೈಕ್ರಾನ್. ಮಂಜಿನ ಹನಿಗಳು ಸಾಮಾನ್ಯವಾಗಿ ಹಲವು ಮೈಕ್ರಾನ್‌ನಿಂದ ಹಿಡಿದು ಹತ್ತಾರು ಮೈಕ್ರಾನ್ ದಪ್ಪ. ಅಷ್ಟು ದೊಡ್ಡ ಹನಿಗಳು ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಒಂದೇ ರೀತಿ ಚದುರಿಸುತ್ತವೆ. ಮಂಜು ನೀಲಿಯಾಗಿ ಕಾಣದೆ ಬೆಳ್ಳಗೆ ಕಾಣುವುದೇ ಇದಕ್ಕೆ ಸಾಕ್ಷಿ.

ಹಳದಿ ಗ್ಲಾಸ್ ಹಾಕಿದಾಗ ಎಲ್ಲವೂ ಚುರುಕಾಗಿ, ಪ್ರಕಾಶವಾಗಿ ಕಂಡಂತೆ ಅನ್ನಿಸುವುದು ಸುಳ್ಳಲ್ಲ. ಆ ಅನಿಸಿಕೆಯನ್ನು ನಂಬಬಹುದೇ ಎನ್ನುವುದು ಪ್ರಶ್ನೆ. 2019ರಲ್ಲಿ ಜಾಮಾ ಆಫ್ತಾಲ್ಮಾಲಜಿ ಎಂಬ ನೇತ್ರವಿಜ್ಞಾನ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ವಾಹನ ಓಡಿಸುವ ಸಿಮ್ಯುಲೇಟರ್‌ನಲ್ಲಿ, ರಾತ್ರಿಯ ರಸ್ತೆಯ ಚಿತ್ರದಲ್ಲಿ ಪಾದಚಾರಿಗಳನ್ನು ಗುರುತಿಸುವ ಪರೀಕ್ಷೆ ಅದು. ಎದುರಿನ ಹೆಡ್‌ಲೈಟ್ ಕಣ್ಣು ಕುಕ್ಕುತ್ತಿದ್ದಾಗಲೂ ಹಳದಿ ಕನ್ನಡಕದಿಂದ ಯಾವ ಅನುಕೂಲವೂ ಕಾಣಲಿಲ್ಲ. ಅದು ಕನ್ನಡಕದ ಮೇಲಿನ ಪರೀಕ್ಷೆ, ನಿಜ, ಆದರೆ ಹಳದಿ ವೈಸರ್ ಮಾಡುವುದೂ ಕಣ್ಣಿಗೆ ಬರುವ ಬೆಳಕಿನಲ್ಲಿ ಒಂದು ಪಾಲು ತಡೆಯುವ ಅದೇ ಕೆಲಸವನ್ನು. ಮಂಜಿನಲ್ಲಿ ದಾರಿ ತೋರಿಸುವ ವೈಸರ್ ಯಾವ ಬಣ್ಣದಲ್ಲೂ ಇಲ್ಲ. ಹವಾಮಾನ ಇಲಾಖೆ ದಟ್ಟ ಮಂಜು ಎಂದು ಹೇಳುವುದು 200 ಮೀಟರ್‌ಗಿಂತ ಆಚೆ ಕಾಣದಿದ್ದಾಗ. ಅಲ್ಲಿ ವೇಗ ಇಳಿಸುವುದು, ಹೈ ಬೀಮ್ ಆರಿಸಿ ಲೋ ಬೀಮ್ ಹಾಕುವುದು ಬಿಟ್ಟರೆ ಬೇರೆ ದಾರಿಯಿಲ್ಲ.

ಬೆಳಕು ಬದಲಾಗುತ್ತಲೇ ಇದ್ದರೆ?

ಬೆಂಗಳೂರಿನಿಂದ ಕತ್ತಲಲ್ಲೇ ಹೊರಟು ನಂದಿ ಬೆಟ್ಟಕ್ಕೆ ಹೋಗುವವರಿಗೆ ಮೂರು ಗಂಟೆಯೊಳಗೆ ಕತ್ತಲು, ಮಂಜು, ಕಣ್ಣಿಗೆ ಹೊಡೆಯುವ ಎಳೆಬಿಸಿಲು ಎಲ್ಲವೂ ಎದುರಾಗುತ್ತವೆ. ರಸ್ತೆಬದಿ ಅಂಗಡಿಗಳಲ್ಲಿ ಸಿಗುವ ಕಪ್ಪು ವೈಸರ್, ಕನ್ನಡಿಯಂತೆ ಹೊಳೆಯುವ ಮರ್ಕ್ಯುರಿ ವೈಸರ್ ಇದರಲ್ಲಿ ಕೊನೆಯದಕ್ಕೆ ಮಾತ್ರ ಆದೀತು. ಯುರೋಪಿನ ಇಸಿಇ 22.05 ಮಾನದಂಡದಲ್ಲಿ 80 ಶೇಕಡಾಕ್ಕಿಂತ ಕಡಿಮೆ ಬೆಳಕು ಬಿಡುವ ವೈಸರಿನ ಮೇಲೆ ಹಗಲಿಗೆ ಮಾತ್ರ ಎಂಬ ಗುರುತು ಇರಬೇಕಿತ್ತು. 50 ಶೇಕಡಾಕ್ಕಿಂತ ಕಡಿಮೆಯದಕ್ಕೆ ಒಪ್ಪಿಗೆಯೇ ಇರಲಿಲ್ಲ. ಕಪ್ಪು ವೈಸರ್ ಮೇಲೆ ಕೂಲಿಂಗ್ ಗ್ಲಾಸ್ ಕೂಡ ಹಾಕುವವರು ಒಂದು ಲೆಕ್ಕ ಮಾಡಿ ನೋಡಲಿ. ವೈಸರ್ 30 ಶೇಕಡಾ, ಕನ್ನಡಕ 20 ಶೇಕಡಾ ಬೆಳಕು ಬಿಟ್ಟರೆ ಕಣ್ಣಿಗೆ ತಲುಪುವುದು ಬರೀ 6 ಶೇಕಡಾ. ಬಿಸಿಲಿನಿಂದ ಒಮ್ಮೆಗೇ ಮರಗಳ ದಟ್ಟ ನೆರಳಿಗೆ ನುಗ್ಗಿದಾಗ ಗುಂಡಿ ಕಾಣಲು ಅಷ್ಟು ಸಾಲದು. ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಗುಂಡಿ ಅಷ್ಟು ಹೊತ್ತು ಕಾಯುವುದಿಲ್ಲ.

ತಾನೇ ಬಣ್ಣ ಬದಲಿಸುವ ಫೋಟೋಕ್ರೋಮಿಕ್ ವೈಸರ್‌ಗಳೂ ಇವೆ. ಬಿಸಿಲಿನ ಅತಿನೇರಳೆ ಕಿರಣ ತಾಗಿದಾಗ ಕಪ್ಪಾಗುತ್ತವೆ, ನೆರಳಿನಲ್ಲಿ ತಿಳಿಯಾಗುತ್ತವೆ. ಇಡೀ ದಿನದ ಪ್ರಯಾಣಕ್ಕೆ ಚೆನ್ನ. ಆದರೆ ತಿಳಿಯಾಗಲು ನಿಮಿಷಗಳೇ ಹಿಡಿಯಬಹುದು, ಚಳಿಯಲ್ಲಿ ಇನ್ನೂ ನಿಧಾನ. ಪೋಲರೈಸ್ಡ್ ಗ್ಲಾಸ್ ಹಾಕಿಕೊಂಡರೆ ಹ್ಯಾಂಡಲ್ ಮೇಲಿನ ಮೊಬೈಲ್ ಮ್ಯಾಪ್ ಕೆಲವು ಕೋನದಲ್ಲಿ ಕಪ್ಪಾಗಿಬಿಡುತ್ತದೆ.

ನಮ್ಮ ಊರಿನ ರಸ್ತೆಗಳಿಗೆ ಹೊಂದುವುದು ತಿಳಿಯಾದ ಹೊರ ವೈಸರ್, ಅದರ ಹಿಂದೆ ಬೆರಳಿನಿಂದ ಇಳಿಸಿ ಏರಿಸಬಹುದಾದ ಚಿಕ್ಕ ಕಪ್ಪು ಗ್ಲಾಸ್. ನೆರಳು ಬಂದ ಕ್ಷಣವೇ ಮೇಲಕ್ಕೆ ತಳ್ಳಬಹುದು. ಇದಕ್ಕೆ ಪಿನ್‌ಲಾಕ್ ಪಿನ್‌ಗಳೂ ಇದ್ದರೆ ಬೇರೇನೂ ಬೇಡ. ಹೆಲ್ಮೆಟ್ ಮಾತ್ರ ಐಎಸ್‌ಐ ಗುರುತಿನದೇ ಇರಲಿ. 2021ರ ಜೂನ್ 1ರಿಂದ ದೇಶದಲ್ಲಿ ಆ ಗುರುತಿಲ್ಲದ ದ್ವಿಚಕ್ರ ಹೆಲ್ಮೆಟ್ ಮಾರುವಂತಿಲ್ಲ.

ಹಳೆಯ ವೈಸರ್ ಬದಲಿಸಬೇಕೇ ಎಂದು ಮನೆಯಲ್ಲೇ ನೋಡಬಹುದು. ಕತ್ತಲೆ ಕೋಣೆಯಲ್ಲಿ ಸ್ವಲ್ಪ ದೂರದಲ್ಲಿ ಮೊಬೈಲ್ ಟಾರ್ಚ್ ಹಚ್ಚಿಟ್ಟು, ತೊಳೆದು ಒಣಗಿಸಿದ ವೈಸರಿನ ಮೂಲಕ ನೋಡಿ. ಬೆಳಕಿನ ಸುತ್ತ ಜೇಡರಬಲೆಯಂಥ ಗೆರೆಗಳು ಎದ್ದರೆ ಅವು ಗೀರುಗಳು, ಯಾವ ಪಾಲಿಶ್‌ನಿಂದಲೂ ಸರಿಯಾಗಿ ಹೋಗುವುದಿಲ್ಲ. ಸಾಮಾನ್ಯ ಹೆಲ್ಮೆಟ್‌ಗಳಿಗೆ ಅದೇ ಮಾದರಿಯ ಹೊಸ ವೈಸರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ.

ಕಣ್ಣಿಗೆ ಫೋಟೋಕ್ರೋಮಿಕ್ ಕನ್ನಡಕ ಹಾಕುವವರಿಗೆ ಇನ್ನೊಂದು ಮಾತು. ಹೆಲ್ಮೆಟ್ ಒಳಗೆ ಅದು ಕಪ್ಪಾಗುತ್ತಿಲ್ಲವೆಂದು ಅಂಗಡಿಯವರ ಜೊತೆ ಜಗಳಕ್ಕೆ ಹೋಗಬೇಡಿ. ಪಾಲಿಕಾರ್ಬನೇಟ್ ವೈಸರ್ ಅತಿನೇರಳೆ ಕಿರಣವನ್ನು ಬಹುತೇಕ ತಡೆದುಬಿಡುತ್ತದೆ, ಕನ್ನಡಕಕ್ಕೆ ಹೊರಗೆ ಬಿಸಿಲಿದೆ ಎಂಬುದೇ ಗೊತ್ತಾಗುವುದಿಲ್ಲ.