ಕಡೆಯವರ ಬರವು

1974ನೆಯ ಇಸವಿ ಸೆಪ್ಟೆಂಬರ್ 25, ಬುಧವಾರ. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೋ ನಗರಕ್ಕೆ ಹೊಂದಿಕೊಂಡಿರುವ ಮಿಷನ್ ಬೇ ಎಂಬ ಕೊಲ್ಲಿಯ ದಡದಲ್ಲಿ, ದಿನದ ದುಡಿಮೆ ಮುಗಿಸಿ ಬಂದ 46 ಜನ ಸಂಜೆಯ ಬಿಸಿಲಿನಲ್ಲಿ ಓಡತೊಡಗಿದರು. ಓಡಿದವರು ಸೈಕಲ್ಲು ಹತ್ತಿದರು, ಸೈಕಲ್ಲಿಳಿದವರು ನೀರಿಗಿಳಿದರು, ನೀರಿನಿಂದೆದ್ದವರು ಬರಿಗಾಲಿನಲ್ಲಿ ಹುಲ್ಲು ಮರಳುಗಳ ಮೇಲೆ ಮತ್ತೆ ಓಡಿದರು. ಎಲ್ಲವನ್ನೂ ಕೂಡಿದರೆ ಓಟ ಸುಮಾರು ಆರು ಮೈಲಿ, ಸೈಕಲ್ಲು ಐದು ಮೈಲಿ, ಈಜು ತುಂಡುತುಂಡಾಗಿ 500 ಗಜ. ಬಲ್ಲವರು ಒಂದು ಗಂಟೆಯೊಳಗೆ ಮುಗಿಸಿ ಮೈ ಒರೆಸಿಕೊಂಡರು. ಆದರೆ ಹಿಂದುಳಿದ ಕೆಲವರು ಇನ್ನೂ ನೀರಿನಲ್ಲಿರುವಾಗಲೇ ಸೂರ್ಯನು ಮುಳುಗಿ, ದಡವಾವುದು ನೀರಾವುದು ಎಂದು ತಿಳಿಯದಷ್ಟು ಕತ್ತಲು ಕವಿಯಿತು. ಆಗ ದಡದ ಮೇಲಿದ್ದವರು ತಮ್ಮ ಕಾರುಗಳನ್ನು ಕೊಲ್ಲಿಯ ಕಡೆಗೆ ತಿರುಗಿಸಿ ನಿಲ್ಲಿಸಿ ಮುಂದೀಪಗಳನ್ನು ಹೊತ್ತಿಸಿದರು. ಆ ಬೆಳಕಿನ ಪಟ್ಟೆಯನ್ನು ಹಿಡಿದು ಕಡೆಯವರು ಈಜಿ ದಡ ಸೇರಿದರು.

ಇಂದಿನ ಅರ್ಥದಲ್ಲಿ ಟ್ರಯಾತ್ಲಾನ್ ಎಂಬ ಹೆಸರಿನಿಂದ ನಡೆದ ಮೊತ್ತಮೊದಲ ಸ್ಪರ್ಧೆ ಇದು. ಈಜು, ಸೈಕಲ್ಲು, ಓಟಗಳನ್ನು ಒಂದೇ ಉಸಿರಿನಲ್ಲಿ ಪೂರೈಸುವ ಈ ಕ್ರೀಡೆಯ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಅಂದು ಗೆದ್ದವನು ಯಾರು, ಅವನಿಗೆ ಹಿಡಿದ ಕಾಲವೆಷ್ಟು ಎಂಬುದರಿಂದ ತೊಡಗುತ್ತಾರೆ. ಗೆದ್ದವನು ಬಿಲ್ ಫಿಲಿಪ್ಸ್, ಅದನ್ನು ಮರೆಯಲಾಗದು. ಆದರೆ ಈ ಕ್ರೀಡೆಗೆ ವಿಶೇಷವಾದ ಒಂದು ಆಚಾರವಿದೆ, ಅದು ಕಡೆಯವನು ಬಂದು ಮುಟ್ಟುವವರೆಗೆ ಎಲ್ಲರೂ ಕಾದು ನಿಂತು ಅವನನ್ನು ಕೂಗಿ ಕರೆದುಕೊಳ್ಳುವ ಆಚಾರ. ಅದರ ಹುಟ್ಟನ್ನು ಅರಸುವವನು ಬಿಲ್ ಫಿಲಿಪ್ಸನನ್ನು ಬಿಟ್ಟು ಆ ಕಾರುಗಳ ದೀಪದ ಬಳಿ ಹೋಗಿ ನಿಲ್ಲಬೇಕು ಎಂದು ನನಗೆ ತೋರುತ್ತದೆ.

ಸ್ಪರ್ಧೆಯನ್ನು ಏರ್ಪಡಿಸಿದವರು ಸ್ಯಾನ್ ಡಿಯೇಗೋ ಟ್ರ್ಯಾಕ್ ಕ್ಲಬ್ಬಿನ ಸದಸ್ಯರಾದ ಜ್ಯಾಕ್ ಜಾನ್‌ಸ್ಟನ್ ಮತ್ತು ಡಾನ್ ಶಾನಹನ್ ಎಂಬಿಬ್ಬರು. ಆಹ್ವಾನವು ಅಚ್ಚಾದುದು ಕ್ಲಬ್ಬಿನ ಸುದ್ದಿಪತ್ರದಲ್ಲಿ. ಬಹುಮಾನದ ಫಲಕಗಳ ಮೇಲೆ ಹೆಸರು ಕೆತ್ತಬೇಕಾದವನು, ಈ ಪದವು ಯಾವ ನಿಘಂಟಿನಲ್ಲಿಯೂ ಸಿಕ್ಕುವುದಿಲ್ಲವಲ್ಲ, ಅಕ್ಷರಗಳನ್ನು ಹೇಗೆ ಜೋಡಿಸಲಿ ಎಂದು ಕೇಳಿದನಂತೆ. ಐದು ಆಟಗಳ ಪೆಂಟಾತ್ಲಾನ್, ಹತ್ತು ಆಟಗಳ ಡೆಕಾತ್ಲಾನ್ ಇರುವಂತೆ ಇದನ್ನೂ ಬರೆಯೆಂದು ಜಾನ್‌ಸ್ಟನ್ ಹೇಳಿಕೊಟ್ಟರು. ನಿಘಂಟಿನಲ್ಲಿಲ್ಲದ ಆಟಕ್ಕೆ ವೃತ್ತಿನಿಪುಣರು ಎಲ್ಲಿಂದ ಬಂದಾರು? ಅಲ್ಲಿ ನೆರೆದವರಲ್ಲಿ ಓಟಗಾರನಿಗೆ ಈಜು ಸರಿಯಾಗಿ ಬಾರದು, ಈಜುಗಾರನಿಗೆ ಓಟ ಒಗ್ಗದು, ಸೈಕಲ್ಲೋ ಮನೆಯಲ್ಲಿದ್ದ ಸಾಧಾರಣ ಸೈಕಲ್ಲು. ಮೂರರಲ್ಲಿ ಒಂದರಲ್ಲಾದರೂ ತಾನು ದುರ್ಬಲನೆಂಬುದನ್ನು ಪ್ರತಿಯೊಬ್ಬನೂ ಬಲ್ಲವನಾದುದರಿಂದ, ಮತ್ತೊಬ್ಬನ ದೌರ್ಬಲ್ಯವನ್ನು ಕಂಡು ಹಗುರವಾಗಿ ಕಾಣುವ ಮನಸ್ಸು ಅಲ್ಲಿ ಹುಟ್ಟುವಂತಿರಲಿಲ್ಲ. ಹವ್ಯಾಸಿಗಳ ನಡುವಣ ಈ ಸೌಹಾರ್ದಕ್ಕೆ ಅವರ ಒಳ್ಳೆಯತನದಷ್ಟೇ ಆಟದ ಸ್ವರೂಪವೂ ಕಾರಣ.

ಆ ಸಂಜೆ ಓಡಿ, ಈಜಿ, ದಡ ಸೇರಿದವರಲ್ಲಿ ಅಮೆರಿಕದ ನೌಕಾದಳದ ಅಧಿಕಾರಿ ಜಾನ್ ಕಾಲಿನ್ಸ್ ಮತ್ತು ಅವರ ಪತ್ನಿ ಜೂಡಿ ಕಾಲಿನ್ಸ್ ಇದ್ದರು. ಮುಂದೆ ವರ್ಗವಾಗಿ ಹವಾಯಿಗೆ ಹೋದ ಈ ದಂಪತಿಗಳು ಮಿಷನ್ ಬೇಯ ಬೀಜವನ್ನು ತಮ್ಮೊಡನೆ ಒಯ್ದರು. 1977ರಲ್ಲಿ ಓಆಹು ದ್ವೀಪವನ್ನು ಸುತ್ತುವ ಸರದಿ ಓಟವೊಂದರ ಬಹುಮಾನ ಸಮಾರಂಭದಲ್ಲಿ, ಈಜುಗಾರ, ಓಟಗಾರ, ಸೈಕಲ್ಲಿನವ, ಇವರಲ್ಲಿ ಯಾರ ಕಸುವು ಹೆಚ್ಚಿನದೆಂದು ಚರ್ಚೆಯೆದ್ದಾಗ, ದ್ವೀಪದಲ್ಲಿ ಬೇರೆ ಬೇರೆಯಾಗಿ ನಡೆಯುತ್ತಿದ್ದ ಮೂರು ಪಂದ್ಯಗಳನ್ನು, ಎಂದರೆ ವೈಕೀಕಿಯ 2.4 ಮೈಲಿಯ ಕಡಲೀಜನ್ನೂ, ದ್ವೀಪಪ್ರದಕ್ಷಿಣೆಯ ಸೈಕಲ್ ಪಂದ್ಯವನ್ನೂ, ಹೊನಲುಲುವಿನ ಮ್ಯಾರಥಾನನ್ನೂ ಒಂದೇ ದಿನದಲ್ಲಿ ಪೋಣಿಸಿ ನೋಡೋಣವೆಂದು ಕಾಲಿನ್ಸರು ಸೂಚಿಸಿದರು; ಮೊದಲು ಮುಗಿಸಿದವನನ್ನು ಉಕ್ಕಿನ ಮನುಷ್ಯ, ಅಂದರೆ ಐರನ್‌ಮ್ಯಾನ್ ಎಂದು ಕರೆಯೋಣವೆಂದರು. ಹೀಗೆ 1978ರ ಫೆಬ್ರವರಿ 18ರಂದು 15 ಜನ ನೀರಿಗಿಳಿದರು, 3.8 ಕಿಲೋಮೀಟರ್ ಈಜು, 180 ಕಿಲೋಮೀಟರ್ ಸೈಕಲ್ಲು, ಕಡೆಗೆ 42 ಕಿಲೋಮೀಟರ್ ಓಟ. 12 ಜನ ಪೂರೈಸಿದರು. ಟ್ಯಾಕ್ಸಿ ಓಡಿಸುತ್ತಿದ್ದ ಗಾರ್ಡನ್ ಹಾಲರ್ 11 ಗಂಟೆ 46 ನಿಮಿಷಗಳಲ್ಲಿ ಮೊದಲಿಗನಾದನು. ಪೂರೈಸಿದವರಿಗೆ ಕೊಟ್ಟ ಸಣ್ಣ ಲೋಹದ ಗೊಂಬೆಗಳನ್ನು ಕಾಲಿನ್ಸರು ಸ್ವತಃ ಕೈಯಾರೆ ಮಾಡಿದ್ದರು. ಆ ಕಾಲಿನ್ಸರಿಗೇ ಮುಗಿಸಲು ಹಿಡಿದುದು ಸುಮಾರು 17 ಗಂಟೆ. ಸ್ಪರ್ಧೆಯನ್ನು ಕಲ್ಪಿಸಿದವನೇ ಹಿಂದಿನ ಸಾಲಿನಲ್ಲಿ ಬೆವರು ಸುರಿಸುತ್ತ ನಡೆದು ಬಂದನೆಂಬುದನ್ನೂ, ಇಂದು ಜಗತ್ತಿನ ಬಹುತೇಕ ಇಂಥ ಸ್ಪರ್ಧೆಗಳಿಗೆ ಗಡುವಾಗಿ ನಿಂತಿರುವುದು ಅದೇ 17 ಗಂಟೆಯೆಂಬುದನ್ನೂ ಒಟ್ಟಿಗೆ ನೆನೆದಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ಮೊದಲ ವರ್ಷಗಳಲ್ಲಿ ಪ್ರತಿ ಸ್ಪರ್ಧಿಯೂ ತನ್ನ ಆರೈಕೆಯವರನ್ನು ತಾನೇ ಕರೆತರಬೇಕಾಗಿತ್ತು. ಹೆಂಡತಿಯೋ ಗೆಳೆಯನೋ ಕಾರಿನಲ್ಲಿ ನೀರು, ಹಣ್ಣು, ರೊಟ್ಟಿಗಳನ್ನಿಟ್ಟುಕೊಂಡು ಜೊತೆಜೊತೆಗೆ ಬರುವುದು; ಸ್ಪರ್ಧಿಯು ಕೈ ಚಾಚಿ ತೆಗೆದುಕೊಳ್ಳುವುದು. 1978ರಲ್ಲಿ ಎರಡನೆಯವನಾಗಿ ಬಂದ ಜಾನ್ ಡನ್‌ಬಾರನ ಕಡೆಯವರಲ್ಲಿ ಓಟದ ನಡುವೆ ನೀರೇ ಮುಗಿದುಹೋಗಿ ಬಿಯರನ್ನು ಕುಡಿಸಬೇಕಾಯಿತೆಂಬುದು ಈ ಕ್ರೀಡೆಯವರೆಲ್ಲರೂ ಬಲ್ಲ ಕಥೆ. ನೀರು ಇದ್ದವನಿಗೆ ನೀರು, ಇಲ್ಲದವನಿಗೆ ಇಲ್ಲ. ಬಂಧುಬಳಗವಿದ್ದವನಿಗೆ ಆರೈಕೆ, ಒಂಟಿಯಾಗಿ ಬಂದವನಿಗೆ ಬರಿಯ ದಾರಿ. 1979ರಲ್ಲಿ ಅಮೆರಿಕದ ದೊಡ್ಡ ಕ್ರೀಡಾಪತ್ರಿಕೆಯೊಂದು ಈ ಸ್ಪರ್ಧೆಯ ಕುರಿತು ದೀರ್ಘಲೇಖನವನ್ನು ಪ್ರಕಟಿಸಿದ ತರುವಾಯ ಕಾಗದಗಳ ಮೇಲೆ ಕಾಗದಗಳು ಬಂದು, ಮರುವರ್ಷ ನೂರಕ್ಕೂ ಮಿಕ್ಕಿ ಜನ ಸೇರಿದರು. ಹೊಣೆ ಹೊತ್ತುಕೊಂಡ ವ್ಯಾಲರಿ ಸಿಲ್ಕ್ ಎಂಬಾಕೆ 1981ರಲ್ಲಿ ಸ್ಪರ್ಧೆಯನ್ನು ಹೊನಲುಲುವಿನ ವಾಹನಗಳ ದಟ್ಟಣೆಯಿಂದ ಬಿಡಿಸಿ, ಹವಾಯಿಯ ದೊಡ್ಡ ದ್ವೀಪದ ಕೈಲುವಾ-ಕೋನಾ ಎಂಬ ಸಣ್ಣ ಊರಿಗೆ ಒಯ್ದರು. ಕಪ್ಪು ಲಾವಾಶಿಲೆಯ ಬಯಲು, ನೆರಳೆಂಬುದೇ ಇಲ್ಲದ ಹೆದ್ದಾರಿ, ಅಡ್ಡಬೀಸುವ ಗಾಳಿ. ಅಂಥಲ್ಲಿ ಮನೆಯವರ ಕಾರುಗಳು ನೂರಾರು ಸ್ಪರ್ಧಿಗಳ ಬೆನ್ನು ಹಿಡಿಯುವುದು ಸಾಧ್ಯವಿಲ್ಲವಾಗಿ, ಬರಬರುತ್ತ ಸ್ವಂತ ಆರೈಕೆಯವರನ್ನು ನಿಷೇಧಿಸಿ, ಎಲ್ಲರಿಗೂ ಸಮಾನವಾಗಿ ದಾರಿಯುದ್ದಕ್ಕೂ ನೀರು, ಮಂಜುಗಡ್ಡೆ, ಬಾಳೆಹಣ್ಣು ನೀಡುವ ತಾಣಗಳನ್ನು ಏರ್ಪಡಿಸಿದರು.

ಈ ತಾಣಗಳಿಗೆ ನಮ್ಮಲ್ಲಿ ಹೊಸ ಹೆಸರು ಹುಡುಕಬೇಕಾಗಿಲ್ಲ. ಅರವಟ್ಟಿಗೆ ಎಂದರೆ ಸಾಕು. ಯುಗಾದಿಗೆ ಮುನ್ನ ಉತ್ತರ ಕರ್ನಾಟಕದಿಂದ ಶ್ರೀಶೈಲಕ್ಕೆ ನಡೆದು ಹೋಗುವ ಭಕ್ತರಿಗೆ ದಾರಿಯ ಊರಿನವರು ಹೆಸರು ಕುಲ ಕೇಳದೆ ಮಜ್ಜಿಗೆ ಕೊಟ್ಟು ಕಾಲಿಗೆ ಎಣ್ಣೆ ತಿಕ್ಕುವುದನ್ನು ಕಂಡವರಿಗೆ ಕೋನಾದ ಹೆದ್ದಾರಿಯ ಬದಿಯಲ್ಲಿ ಲೋಟ ಹಿಡಿದು ನಿಂತವರ ಮನಸ್ಸು ಒಡನೆಯೇ ಅರ್ಥವಾಗುತ್ತದೆ. ಶಾಲೆಯ ಮಕ್ಕಳು, ಅಂಗಡಿಯವರು, ನಿವೃತ್ತರು, ಹೀಗೆ ಸಾವಿರಾರು ಮಂದಿ ಸಂಬಳವಿಲ್ಲದೆ ನಿಲ್ಲುತ್ತಾರೆ. ಗುರಿಗೆರೆಯ ಬಳಿ ‘ಹಿಡಿಯುವವರು’ ಎಂಬ ಒಂದು ತಂಡವೇ ಇದೆ. ಗೆರೆ ದಾಟಿದ ಪ್ರತಿಯೊಬ್ಬರ ಎರಡು ಮಗ್ಗುಲಿಗೂ ಒಬ್ಬೊಬ್ಬರು ಬಂದು, ತೋಳಿಗೆ ತೋಳು ಕೊಟ್ಟು, ಕೊರಳಿಗೆ ಹಾರ ಹಾಕಿ, ಹೆಜ್ಜೆ ತಪ್ಪುವುದೇ, ಮಾತು ತೊದಲುವುದೇ ಎಂದು ನೋಡುತ್ತ ಕರೆದೊಯ್ಯುವುದು ಇವರ ಕೆಲಸ. ಒಬ್ಬನ ಸ್ವಂತದ್ದಾಗಿದ್ದ ಆರೈಕೆಯು ಎಲ್ಲರ ಪಾಲಿನದಾದ ಈ ಪರಿವರ್ತನೆಯನ್ನು ನಾನು ಈ ಕ್ರೀಡೆಯ ಚರಿತ್ರೆಯಲ್ಲಿ ಯಾವ ದಾಖಲೆಗಿಂತಲೂ ಹಿರಿದೆಂದು ಎಣಿಸುತ್ತೇನೆ.

ನಿಯಮಗಳ ಇನ್ನೊಂದು ಪರಿಣಾಮವೂ ಗಮನಾರ್ಹವಾದುದು. ಹೊರಗಿನವರು ಸ್ಪರ್ಧಿಯ ಜೊತೆ ಓಡಿ ವೇಗ ಕಾಯುವಂತಿಲ್ಲ, ತಳ್ಳುವಂತಿಲ್ಲ, ಸೈಕಲ್ಲಿನ ದಾರಿಯಲ್ಲಿ ಒಬ್ಬರ ಬೆನ್ನಿಗೊಬ್ಬರು ಅಂಟಿಕೊಂಡು ಗಾಳಿ ತಪ್ಪಿಸಿಕೊಳ್ಳುವಂತೆಯೂ ಇಲ್ಲ. ಬಲವನ್ನು ಕಡವಾಗಿ ಕೊಡುವ ಎಲ್ಲ ದಾರಿಗಳೂ ಹೀಗೆ ಮುಚ್ಚಿದಾಗ ಉಳಿದುದು ಒಂದೇ, ಕಂಠ. ಮೇಲಾಗಿ ಓಟದ ದಾರಿಯು ಹೋಗಿ ಅದೇ ದಾರಿಯಲ್ಲಿ ಮರಳುವಂತಿರುವುದರಿಂದ ಮುಂದಿನವರೂ ಹಿಂದಿನವರೂ ಮುಖಾಮುಖಿಯಾಗುತ್ತಾರೆ. ಎದೆಯ ಮೇಲಿನ ಚೀಟಿಯಲ್ಲಿ ಸಂಖ್ಯೆಯೊಡನೆ ಹೆಸರೂ ಅಚ್ಚಾಗಿರುವುದರಿಂದ, ಎಂದೂ ಕಾಣದ ಅಪರಿಚಿತನೊಬ್ಬನು ಮೂವತ್ತನೆಯ ಕಿಲೋಮೀಟರಿನ ಕತ್ತಲಲ್ಲಿ ಹೆಸರು ಹಿಡಿದು ಕೂಗುತ್ತಾನೆ. ಆ ಕೂಗು ಸ್ನಾಯುವಿಗೆ ಸಕ್ಕರೆಯನ್ನು ಕೊಡಲಾರದು. ಆದರೆ ಕುಳಿತುಬಿಡೋಣವೆಂದು ಹೇಳುತ್ತಿರುವ ಮನಸ್ಸು ಅಷ್ಟು ಹೊತ್ತು ಸುಮ್ಮನಾಗುತ್ತದೆ.

ಲೋಕಕ್ಕೆ ಈ ಆಟದ ಪರಿಚಯವಾದುದೂ ಗೆಲುವಿನಿಂದಲ್ಲ. 1982ರ ಫೆಬ್ರವರಿಯಲ್ಲಿ ಜೂಲಿ ಮಾಸ್ ಎಂಬ ವಿದ್ಯಾರ್ಥಿನಿ, ತನ್ನ ಪದವಿಯ ಪ್ರಬಂಧಕ್ಕಾಗಿ ಶರೀರಶ್ರಮದ ವಿಷಯವನ್ನು ಅಭ್ಯಸಿಸಲೆಂದೇ ಕೋನಾಕ್ಕೆ ಬಂದವಳು, ಮಹಿಳೆಯರಲ್ಲಿ ಮುಂದಾಳಾಗಿ ಓಡಿ ಬಂದು, ಗುರಿ ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿ ಕಾಲು ಕುಸಿದು ಬಿದ್ದಳು. ಎದ್ದಳು, ಮತ್ತೆ ಬಿದ್ದಳು. ಸುತ್ತ ನೆರೆದವರು ಎತ್ತಬಾರದು, ಮುಟ್ಟಬಾರದು, ಕೂಗಬಹುದು, ಕೂಗಿದರು. ಅಷ್ಟರಲ್ಲಿ ಕ್ಯಾಥ್ಲೀನ್ ಮೆಕ್‌ಕಾರ್ಟ್ನಿ ಅವಳನ್ನು ದಾಟಿ ಹೋಗಿ ಗೆದ್ದಳು. ಜೂಲಿ ಅಂಬೆಗಾಲಿಕ್ಕುತ್ತ 29 ಸೆಕೆಂಡುಗಳ ಅನಂತರ ಗೆರೆಯ ಮೇಲೆ ಕೈಯಿಟ್ಟಳು. ದೂರದರ್ಶನದಲ್ಲಿ ಇದನ್ನು ಕಂಡ ಎಷ್ಟೋ ಸಾಮಾನ್ಯರು, ಗೆದ್ದವಳ ಹೆಸರನ್ನು ಮರೆತರೂ ಅಂಬೆಗಾಲಿಕ್ಕಿದವಳ ಮುಖವನ್ನು ಮರೆಯಲಾರದೆ, ಈ ಆಟಕ್ಕೆ ಬಂದರು. ಇದರಿಂದ ಗೆದ್ದವಳಿಗೆ ಅನ್ಯಾಯವಾಯಿತೆಂದು ನಾನು ಬಹುಕಾಲ ಅಂದುಕೊಂಡಿದ್ದೆನು. ಆದರೆ 30 ವರ್ಷಗಳ ಮೇಲೆ, 2012ರಲ್ಲಿ, ಆ ಇಬ್ಬರೂ ಗೆಳತಿಯರಾಗಿ ಕೋನಾಕ್ಕೆ ಮತ್ತೆ ಬಂದು ಸ್ಪರ್ಧಿಸಿದರೆಂಬುದನ್ನು ತಿಳಿದ ಮೇಲೆ ನನ್ನ ಮನಸ್ಸಿನ ಭಾರ ಇಳಿಯಿತು.

ಜೂಲಿ ಬಿದ್ದ ಆ ಸ್ಪರ್ಧೆಗೂ ಹಿಂದಿನ ವರ್ಷ 73ರ ವಯಸ್ಸಿನ ವಾಲ್ಟ್ ಸ್ಟ್ಯಾಕ್ ಎಂಬ ವೃದ್ಧನು 26 ಗಂಟೆ 20 ನಿಮಿಷ ತೆಗೆದುಕೊಂಡು, ಒಂದು ರಾತ್ರಿಯನ್ನು ಪೂರ್ತಿ ದಾರಿಯಲ್ಲೇ ಕಳೆದು, ಮರುದಿನ ಹಗಲಿನಲ್ಲಿ ಬಂದು ಸೇರಿದ್ದನು. ಅಂದು ಗಡುವಿರಲಿಲ್ಲ. ಮುಂದೆ ಗಡುವು ಬಂದಿತು. ಬರಲೇಬೇಕಾಗಿತ್ತು, ಏಕೆಂದರೆ ಅರವಟ್ಟಿಗೆಯವರೂ ಮನುಷ್ಯರು, ಅವರಿಗೂ ನಿದ್ರೆಯಿದೆ. ಬೆಳಗಿನ ಏಳಕ್ಕೆ ತೊಡಗಿದರೆ ನಡುರಾತ್ರಿಗೆ ಮುಗಿಯಬೇಕು. ಗಡುವು ಕಠೋರವೆಂದು ತೋರಬಹುದು. ಆದರೆ ಕಾಯುವುದಕ್ಕೊಂದು ಮುಹೂರ್ತವನ್ನು ಕೊಟ್ಟದ್ದು ಅದೇ. ಅಲೀಯಿ ಡ್ರೈವ್ ಎಂಬ ಕಡಲತಡಿಯ ಬೀದಿಯಲ್ಲಿ ರಾತ್ರಿ ಹತ್ತಕ್ಕೆ ತೆಳುವಾಗಿದ್ದ ಜನ ಹನ್ನೊಂದಕ್ಕೆ ಮತ್ತೆ ದಟ್ಟವಾಗುತ್ತದೆ. ಎಂಟೊಂಬತ್ತು ಗಂಟೆಗಳಲ್ಲಿ ಮುಗಿಸಿ, ಉಂಡು, ಸ್ನಾನ ಮಾಡಿ ಮಲಗಬಹುದಾಗಿದ್ದ ವಿಜೇತರು ಮರಳಿ ಬಂದು, ಕಡೆಯವರ ಕೊರಳಿಗೆ ಪದಕ ಹಾಕಲು ನಿಲ್ಲುತ್ತಾರೆ. ಊರಾಚೆಯ ಹೆದ್ದಾರಿಯಲ್ಲಿ ದೀಪಗಳಿಲ್ಲ. ಅಲ್ಲಿ ಇನ್ನೂ ನಡೆಯುತ್ತಿರುವವರಿಗೆ ಕೈಗೋ ಕೊರಳಿಗೋ ಕಟ್ಟಿಕೊಳ್ಳಲು ಮಂದವಾಗಿ ಹೊಳೆಯುವ ಕಡ್ಡಿಗಳನ್ನು ಕೊಟ್ಟಿರುತ್ತಾರೆ. ಕತ್ತಲಲ್ಲಿ ಆ ಹಸುರು ಬೆಳಕೊಂದು ತೂಗಾಡುತ್ತ ಬರುವುದು ಕಂಡರೆ ಸಾಕು, ಅದು ಯಾರದೆಂದು ತಿಳಿಯುವ ಮೊದಲೇ ಕೂಗು ಏಳುತ್ತದೆ.

ಈ ಕೂಗಿನ ನಡುವೆ 2006ರಲ್ಲಿ ಮಡೋನಾ ಬ್ಯೂಡರ್ ಎಂಬ 76ರ ಕ್ರೈಸ್ತ ಸಂನ್ಯಾಸಿನಿ 16 ಗಂಟೆ 59 ನಿಮಿಷ 3 ಸೆಕೆಂಡುಗಳಿಗೆ ಗೆರೆ ದಾಟಿದರು. ಅವರು ಓಟವನ್ನೇ ಆರಂಭಿಸಿದುದು 48ರ ವಯಸ್ಸಿನಲ್ಲಿ, ಗುರುವೊಬ್ಬರ ಮಾತಿನಿಂದ. ಅವರು ವೃದ್ಧೆಯಾಗುತ್ತ ಹೋದಂತೆ, ಅವರ ವಯಸ್ಸಿನ ವಿಭಾಗವೇ ಇಲ್ಲದಿದ್ದುದರಿಂದ ಹೊಸ ವಿಭಾಗಗಳನ್ನು ತೆರೆಯಬೇಕಾಯಿತು. ಕಡಲಿನಲ್ಲಿ ದೋಣಿಯನ್ನು ಸೊಂಟಕ್ಕೆ ಕಟ್ಟಿ ಎಳೆದು, ಸೈಕಲ್ಲಿನ ಮುಂದೆ ಕೂರಿಸಿಕೊಂಡು, ಗಾಲಿಕುರ್ಚಿಯನ್ನು ತಳ್ಳಿ, ಕೈಕಾಲಾಡದ ಮಗ ರಿಕ್ಕನನ್ನು 1989ರಲ್ಲಿ ಕೋನಾದ ಗುರಿಗೆ ಮುಟ್ಟಿಸಿದ ಡಿಕ್ ಹಾಯ್ಟ್‌ರ ಕಥೆಯನ್ನು ಇಲ್ಲಿ ಹೆಸರಿಸಿ ಮುಂದೆ ಹೋಗುತ್ತೇನೆ; ಅದು ತನ್ನದೇ ಒಂದು ಪ್ರಬಂಧವನ್ನು ಬೇಡುವಂಥದು.

ಜಪಾನಿನ ಹಿರೋಮು ಇನಾಡಾ ಎಂಬ ಹಿರಿಯರು ನಿವೃತ್ತರಾದ ಮೇಲೆ ಈಜು ಕಲಿತು, 70ರ ವಯಸ್ಸಿನಲ್ಲಿ ಮೊದಲ ಟ್ರಯಾತ್ಲಾನ್ ಮಾಡಿದವರು. 2015ರ ಅಕ್ಟೋಬರಿನಲ್ಲಿ, 82ನೆಯ ವಯಸ್ಸಿನಲ್ಲಿ, ಕೋನಾದ ಆ ಬೀದಿಯ ಕಡೆಯ ತಿರುವಿಗೆ ಬಂದಾಗ ಗಡಿಯಾರದಲ್ಲಿ ಉಳಿದಿದ್ದುದು ಕೆಲವೇ ನಿಮಿಷ. ಬೆನ್ನು ಬಾಗಿಹೋಗಿತ್ತು, ಗುರಿಯ ಸಮೀಪದಲ್ಲಿ ಬಿದ್ದರು, ಎದ್ದರು. ಇಕ್ಕೆಲದಲ್ಲಿ ನಿಂತವರು ಅಡ್ಡಗಟ್ಟೆಯ ಹಲಗೆಗಳನ್ನು ಬಡಿಯುತ್ತ ಕಂಠ ಬಿರಿಯುವಂತೆ ಕೂಗುತ್ತಿರಲು ಅವರು ಗೆರೆ ದಾಟಿದಾಗ ಗಡುವು ಮೀರಿ ಐದು ಸೆಕೆಂಡುಗಳಾಗಿದ್ದುವು. ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ, ಪೂರೈಸಲಿಲ್ಲವೆಂಬ ಅರ್ಥದ ಡಿಎನ್‌ಎಫ್ ಎಂಬ ಮೂರು ಅಕ್ಷರಗಳು ಬಿದ್ದುವು. ಕೂಗು ಮಾತ್ರ ನಿಲ್ಲಲಿಲ್ಲ. ಮರುವರ್ಷ ಅದೇ ಬೀದಿಯಲ್ಲಿ, 83ನೆಯ ವಯಸ್ಸಿನಲ್ಲಿ, 16 ಗಂಟೆ 49 ನಿಮಿಷಗಳಿಗೆ, ಕಾಯುವವರಿಗೆ ಹತ್ತು ನಿಮಿಷಕ್ಕೂ ಮಿಕ್ಕಿ ಉಳಿಸಿಕೊಟ್ಟು, ಅವರು ಬಂದರು.