ಒಳಗೆ ಹೋದದ್ದು ಹೊರಗೆ ಬರಬೇಕು

ಅಮ್ಮನ ಅಲ್ಟ್ರಾಸೌಂಡ್‌ನಲ್ಲಿ ಲಿವರ್ ಒಳಗೊಂದು ಚುಕ್ಕೆ ಕಂಡಿತ್ತು. ಕಾಂಟ್ರಾಸ್ಟ್ ಹಾಕಿ ಸಿಟಿ ಮಾಡಿಸಿ ಅಂದ್ರು ಡಾಕ್ಟ್ರು. ರಾಜರಾಜೇಶ್ವರಿನಗರದ ಆರ್ಚ್ ದಾಟುವಾಗ ಆಟೋದಲ್ಲಿ ಅಮ್ಮ ಕೇಳಿದ್ದು ಒಂದೇ: "ಆ ಇಂಜೆಕ್ಷನ್ ಏನೂ ತೊಂದ್ರೆ ಮಾಡಲ್ವೇನೋ?"

"ಇಲ್ಲಮ್ಮ" ಅಂದುಬಿಟ್ಟೆ. ಆದ್ರೆ ಈ ಪ್ರಶ್ನೆಗೆ ಒಂದು ಕರಾಳ ಇತಿಹಾಸ ಇದೆ.

1895ರಲ್ಲಿ ರಾಂಟ್‌ಗೆನ್ ಎಕ್ಸ್-ರೇ ಕಂಡುಹಿಡಿದಾಗ ಮೂಳೆ ಚೆನ್ನಾಗಿ ಕಂಡಿತು, ಲಿವರ್ ಬರೀ ಮಸುಕು. 1930ರ ದಶಕದಲ್ಲಿ ಥೊರೊಟ್ರಾಸ್ಟ್ ಅನ್ನೋ ಥೋರಿಯಂ ದ್ರಾವಣ ಬಂತು. ಲಿವರ್ ಅದನ್ನು ಹೀರಿಕೊಂಡು ಫಿಲ್ಮ್ ಮೇಲೆ ಬೆಳ್ಳಗೆ ಕಾಣ್ತಿತ್ತು, ಗಡ್ಡೆ ಇದ್ದ ಕಡೆ ಮಾತ್ರ ಖಾಲಿ. ಥೋರಿಯಂ ವಿಕಿರಣಶೀಲ ಅನ್ನೋದು ಆಗಲೇ ಗೊತ್ತಿತ್ತು. ಅದು ದೇಹ ಬಿಟ್ಟು ಹೋಗಲೇ ಇಲ್ಲ. ಇಪ್ಪತ್ತು, ಮೂವತ್ತು ವರ್ಷದ ನಂತರ ಅದೇ ರೋಗಿಗಳಲ್ಲಿ ಲಿವರ್ ಕ್ಯಾನ್ಸರ್ ಕಾಣಿಸಿಕೊಂಡಿತು. ಗಡ್ಡೆ ತೋರಿಸೋಕೆ ಬಂದದ್ದೇ ಗಡ್ಡೆ ತಂದಿತ್ತು.

ಈಗ ಸಿಟಿಗೆ ಹಾಕೋದು ಅಯೋಡಿನ್ ಇರುವ ದ್ರಾವಣ, ಎಂಆರ್‌ಐಗೆ ಸಾಮಾನ್ಯವಾಗಿ ಗ್ಯಾಡೋಲಿನಿಯಂ. ಅಯೋಡಿನ್ ದ್ರಾವಣದ ಬಹುಪಾಲನ್ನು ಕಿಡ್ನಿ ಒಂದು ದಿನದೊಳಗೆ ಹೊರಹಾಕುತ್ತೆ. 1971ರಲ್ಲಿ ಲಂಡನ್ನಿನಲ್ಲಿ ಶುರುವಾದ ಸಿಟಿ ಆಮೇಲೆ ವೇಗವಾದಾಗ, ಡಾಕ್ಟರಿಗೆ ಚಿತ್ರದ ಜೊತೆ ಸಮಯವೂ ಸಿಕ್ಕಿತು. ಲಿವರಿಗೆ ಮುಕ್ಕಾಲು ಪಾಲು ರಕ್ತ ಪೋರ್ಟಲ್ ರಕ್ತನಾಳದಿಂದ ಬರುತ್ತೆ, ಕಾಲು ಪಾಲು ಅಪಧಮನಿಯಿಂದ. ಲಿವರಿನಲ್ಲೇ ಹುಟ್ಟುವ ಕ್ಯಾನ್ಸರ್ ಹೆಚ್ಚಾಗಿ ಅಪಧಮನಿಯ ರಕ್ತವನ್ನೇ ನಂಬಿರುತ್ತೆ. ಹಾಗಾಗಿ ಸುಮಾರು 35ನೇ ಸೆಕೆಂಡಿಗೆ ಫಳಕ್ ಅಂತ ಹೊಳೆದು, ಒಂದೆರಡು ನಿಮಿಷದಲ್ಲಿ ಸುತ್ತಲಿನ ಲಿವರಿಗಿಂತ ಮಂಕಾಗುತ್ತೆ. ನಿರಪಾಯಕಾರಿ ಹೆಮಾಂಜಿಯೋಮಾ ಹಾಗಲ್ಲ. ಅಂಚಿನಲ್ಲಿ ತುಣುಕು ತುಣುಕಾಗಿ ಶುರುವಾಗಿ, ನಿಧಾನಕ್ಕೆ ಒಳಮುಖವಾಗಿ ತುಂಬಿಕೊಳ್ಳುತ್ತೆ.

ಸೆಂಟರಿನಲ್ಲಿ ಕ್ರಿಯಾಟಿನಿನ್ ರಿಪೋರ್ಟ್ ಕೇಳಿದ್ರು. "ಅಲರ್ಜಿ ಇದೆಯಾ? ಶುಗರ್ ಮಾತ್ರೆ ಯಾವುದು?" ಇಷ್ಟೊಂದು ಪ್ರಶ್ನೆ ಯಾಕೆ ಅಂತ ನನಗೆ ಕಿರಿಕಿರಿ. ಆಮೇಲೆ ಹೊಳೆಯಿತು, ನಾನು ಆಟೋದಲ್ಲಿ ಹಾರಿಸಿಬಿಟ್ಟ ಪ್ರಶ್ನೆಗೆ ಇವರು ಸರಿಯಾಗಿ ಉತ್ತರ ಹುಡುಕ್ತಿದ್ದಾರೆ. ಅಪರೂಪಕ್ಕೆ ಅಲರ್ಜಿ ಆಗುತ್ತೆ. ಕಿಡ್ನಿ ಸೋತಿದ್ದರೆ ಹೆಚ್ಚು ಎಚ್ಚರ ಬೇಕು. ಏನು ತೋರಿಸುತ್ತೆ ಅಂತ ಮಾತ್ರ ಕೇಳಿದ್ರೆ ಸಾಲದು, ಹೇಗೆ ಹೊರಗೆ ಹೋಗುತ್ತೆ ಅಂತಾನೂ ಕೇಳಬೇಕು. ಥೊರೊಟ್ರಾಸ್ಟ್ ಕಲಿಸಿದ ಪಾಠ ಇದು.

ರಿಪೋರ್ಟ್ ಬಂತು: ಹೆಮಾಂಜಿಯೋಮಾ. ಅಮ್ಮ ಬಾಟಲಿ ನೀರು ಪೂರ್ತಿ ಕುಡಿದು, "ನಡಿ, ಹಾಲು ತಗೊಂಡು ಹೋಗೋಣ" ಅಂದ್ರು.