ಪದ ಪರಿಚಯ: ವಾಕ್

ವಾಕ್ (ನಾ.) ಮಾತು, ನುಡಿ. ಸಂಸ್ಕೃತದ ‘ವಚ್’ ಧಾತುವಿನಿಂದ ಬಂದದ್ದು. ಲ್ಯಾಟಿನ್ನಿನ ‘ವೋಕ್ಸ್’ ಇದರ ದಾಯಾದಿ. ಮಲಯಾಳದಲ್ಲಿ ‘ವಾಕ್ಕ್’ ಎಂದರೆ ಪದ. ವೇದದಲ್ಲಿ ವಾಕ್ ದೇವತೆ. ಶೃಂಗೇರಿಯ ಶಾರದೆ ವಾಗ್ದೇವಿ. ಪಕ್ಕದ ಮೆಣಸೆಯ ಸಂಸ್ಕೃತ ವಿಶ್ವವಿದ್ಯಾಲಯದ ಆವರಣದಲ್ಲಿ ಈ ಹಳೆಯ ಅರ್ಥವೇ ಮೊದಲು ನೆನಪಾಗುವುದು. 1965ರಲ್ಲಿ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಆರಂಭವಾಗಿ, ಪದ ಚಿಕಿತ್ಸೆಯ ಕೋಣೆಗೂ ಬಂತು. ‘ಕಾಗೆ’ಯನ್ನು ‘ತಾಗೆ’ ಎನ್ನುವ ಮಗು, ಉಗ್ಗುವವರು, ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡವರು ವಾಕ್ ಚಿಕಿತ್ಸಕರ ಬಳಿಗೆ ಬರುತ್ತಾರೆ. ನುಂಗುವ ತೊಂದರೆಯೂ ಅವರದೇ ಪಾಲು. ಹೆಸರು ಕೆಲಸಕ್ಕಿಂತ ಚಿಕ್ಕದಾಯಿತು. ಈ ಚಿಕಿತ್ಸೆ ಕಲಿಯುವವರಿಗೆ ಪದವಿಯ ಮೇಲೆ ಎರಡು ವರ್ಷದ ಸ್ನಾತಕೋತ್ತರ ವ್ಯಾಸಂಗವಿದೆ. ವೃತ್ತಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ‘ವಾಕ್ ದೋಷ’ ಎಂದು ಬಿಡಿಸಿ ಬರೆಯುವುದುಂಟು, ಸಂಧಿಯಾದರೆ ‘ವಾಗ್ದೋಷ’.